ಪುಂಡಿನಾರಿನ ಹಲಗೆಯ ತಾಕತ್ತು

ಲೇಡೀಸ್ ಹಾಸ್ಟೆಲ್, ರೂಮ್ 214
17 ನವೆಂಬರ್ 2024

ಶಗುಫ್ತಾ ಆಪಾ,

ಅಬ್ಬಾ ನೇಯ್ದ ಎರಡು ಮೊಳ ಪುಂಡಿನಾರಿನ ಬಟ್ಟೆ ಬಸ್ ಪಾರ್ಸಲ್‌ನಲ್ಲಿ ಬಂದು ಮುಟ್ಟಿತು. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಮನೆಯ ಫೋನಿನ ಕಥೆ ನಿನಗೆ ಗೊತ್ತಲ್ಲ. ಇಚಲಕರಂಜಿಯ ಪವರ್‌ಲೂಮಿನಲ್ಲಿ ಕಿವಿ ಕಳೆದುಕೊಂಡು ಬಂದ ಅಬ್ಬಾನಿಗಾಗಿ ಸ್ಪೀಕರ್ ಹಾಕಬೇಕು, ಸ್ಪೀಕರ್ ಹಾಕಿದರೆ ಓಣಿಗೆಲ್ಲ ಕೇಳಬೇಕು. ಮೊನ್ನೆ ಮೆಸ್ ಊಟ ಸೇರುವುದಿಲ್ಲ ಅಂದೆ ನೋಡು, ಎದುರು ಮನೆಯ ಹುಚ್ಚಪ್ಪ ಕಾಕಾ ಹೊರಗಿನಿಂದಲೇ "ಶೇಂಗಾ ಚಟ್ನಿ ಕಳಸೂಣೇನವಾ?" ಎಂದು ಕೂಗಿದ. ಇನ್ನು ಮುಂದೆ ಮುಖ್ಯವಾದದ್ದೆಲ್ಲ ಕಾಗದದಲ್ಲಿ.

ಮುಖ್ಯವಾದದ್ದು ಇದು: ಗ್ರಂಥಾಲಯದ ಮೆಟ್ಟಿಲಿಗೆ ರ‍್ಯಾಂಪ್ ಆಗುತ್ತದೆ ಆಪಾ. ಖಂಡಿತ ಆಗುತ್ತದೆ.

ಇದು ನಮ್ಮ ಸೀನಿಯರ್ ಐಶ್ವರ್ಯ ಅಕ್ಕನ ಫೈನಲ್ ಇಯರ್ ಪ್ರಾಜೆಕ್ಟ್. ನಾನು ಫಸ್ಟ್ ಇಯರ್, ಅಂದರೆ ಕೈಕೆಳಗಿನ ಆಳು. ಬಟ್ಟೆಗೆ ರಾಳ ಹಚ್ಚಿ, ಸರಳುಗಳ ಮೇಲೆ ಒತ್ತಿ, ನಿರಿಗೆ ನಿರಿಗೆಯಾಗಿ ಒಣಗಿಸುತ್ತೇವೆ. ಆ ನಿರಿಗೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದರೆ ಜೇನುಗೂಡಿನ ಹಾಗೆ ಆರು ಮೂಲೆಯ ಕೋಣೆಗಳಾಗುತ್ತವೆ. ಮೇಲೊಂದು ಕೆಳಗೊಂದು ಅದೇ ಬಟ್ಟೆಯ ಗಟ್ಟಿ ಹಾಳೆ. ಒಳಗೆ ಬರೀ ಗಾಳಿ, ಅದಕ್ಕೇ ಹಗುರ. ನಿನ್ನೆ ಒಂದು ತುಂಡನ್ನು ಮಷೀನಿನಲ್ಲಿಟ್ಟು, ಎರಡು ತುದಿಗೆ ಆಧಾರ ಕೊಟ್ಟು ನಡುವೆ ಒತ್ತಿದೆವು. ಸೂಜಿ ಏರುತ್ತಲೇ ಹೋಯಿತು. ಎಂಟು ಅಡಿಯ ಹಲಗೆಗೆ ಲೆಕ್ಕ ಹಾಕಿದರೆ 240 ಕೆ.ಜಿ. ತಡೆಯುತ್ತದೆ! ನೀನೂ ನಿನ್ನ ಗಾಲಿಕುರ್ಚಿಯೂ ಸೇರಿ 64. ಹಲಗೆಯ ತೂಕ ಹದಿನಾಲ್ಕು ಅಷ್ಟೆ, ಮಲ್ಲಮ್ಮ ಅತ್ತಿ ಗ್ರಂಥಾಲಯದ ಕಸ ಹೊಡೆಯಲು ಬಂದಾಗ ಒಬ್ಬಳೇ ಹಾಕಿ ಒಬ್ಬಳೇ ತೆಗೆಯಬಹುದು. ಓಣಿಯಲ್ಲಿ ಟ್ರ್ಯಾಕ್ಟರ್ ಹೋಗುವುದಕ್ಕೂ ಅಡ್ಡಿಯಿಲ್ಲ.

ಜನವರಿ ಒಂದಕ್ಕೆ ನೀನು ಗ್ರಂಥಾಲಯಕ್ಕೆ ಮೇಲ್ವಿಚಾರಕಿಯಾಗಿ ಹಾಜರಾಗಬೇಕು. "ಎರಡು ಮೆಟ್ಟಲಾ ದಿನಾ ಎತ್ತಿ ಕೂಡಸೂರ್ಯಾರು?" ಎಂದು ಪಂಚಾಯ್ತಿ ಮೀಟಿಂಗಿನಲ್ಲಿ ಕೇಳಿದ ಆ ಸದಸ್ಯನ ಎದುರೇ ನೀನು ಏರಿ ಹೋಗಬೇಕು. ಒಂಬತ್ತನೇ ವಯಸ್ಸಿನಲ್ಲಿ ಮಾಳಿಗೆಯಿಂದ ಬಿದ್ದಾಗಿನಿಂದ ನಿನ್ನನ್ನು ಎತ್ತಿದವರ ಲೆಕ್ಕ ನೀನೇ ಇಟ್ಟಿದ್ದೀಯಲ್ಲ. ಅದು ಅಲ್ಲಿಗೆ ನಿಲ್ಲಲಿ.

ಮೂವತ್ತು ಮೊಳ ಬಟ್ಟೆ ಬೇಕು, ಮೂರು ವಾರದೊಳಗೆ. ಅಬ್ಬಾನಿಗೆ ಹೇಳು. ಇಂಟರ್ನಲ್ಸ್ ಇದೆ, ತಲೆ ಕೆಟ್ಟಿದೆ, ದುವಾ ಮಾಡು.

ನಿನ್ನ ನಾಜೂ

•

8 ಡಿಸೆಂಬರ್ 2024

ಲೇ ನಾಜಮೀನ್ ಇಂಜಿನಿಯರ್ರ,

ಮೂವತ್ತು ಮೊಳ ತಗೋ. ಈ ಬಟ್ಟೆಯ ಹಿಂದೆ ಓಣಿಯ ಅರ್ಧ ಜಗಳ ಇದೆ.

ಅಮ್ಮಿಯೂ ಮಲ್ಲಮ್ಮ ಅತ್ತಿಯೂ ಇಪ್ಪತ್ತು ದಿನ ನಾರು ಹೊಸೆದರು. "ಪಲ್ಲೆ ತಿನ್ನೂ ಪುಂಡೀನ ಹುಡುಗಿ ಹಲಿಗಿ ಮಾಡತಾಳಂತ, ನಾಳೆ ಮೆಂತೆ ಸೊಪ್ಪಿನ್ಯಾಗ ಮನಿ ಕಟ್ಟತಾಳ" ಎಂದು ಮಲ್ಲಮ್ಮ ಅತ್ತಿ ನಿನ್ನನ್ನು ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಸಣ್ಣ ತುಂಡಾದರೆ ಅಬ್ಬಾ ಮಗ್ಗದ ಮೇಲೆ ಹಾಗೇ ನೇಯ್ದು ಕೊಡುತ್ತಾನೆ. ಮೂವತ್ತು ಮೊಳ ಅಂದರೆ ಹಾಸು ಹೊರಗೆ ಚಾಚಲೇಬೇಕಲ್ಲ. ಓಣಿಯ ಈ ತುದಿಯಿಂದ ಆ ತುದಿಗೆ ಉದ್ದನೆಯ ಎಳೆಗಳನ್ನು ಬಿಗಿದು, ಜೋಳದ ಗಂಜಿ ಕಾಸಿ, ಕುಂಚದಿಂದ ಬಳಿಯುತ್ತ ನಡೆದ. ಅಷ್ಟರಲ್ಲಿ ಹುಚ್ಚಪ್ಪ ಕಾಕಾನ ಟ್ರ್ಯಾಕ್ಟರ್ ಬಂತು.

"ಏ ಅಕ್ಬರಸಾಬ, ಓಣಿ ಖರೀದಿ ಮಾಡೀಯೇನೋ?"

ಅಬ್ಬಾನಿಗೆ ಏನು ಕೇಳಿಸಿತೋ, "ಇಲ್ಲೋ ಮಾರಾಯಾ, ಇನ್ನೂ ಹಸಿ ಐತಿ, ಕೈ ಹಚ್ಚಬ್ಯಾಡ" ಅಂದ. ಹುಚ್ಚಪ್ಪ ಕಾಕಾ ಟ್ರ್ಯಾಕ್ಟರ್ ನಿಲ್ಲಿಸಿ ಒಂದು ತಾಸು ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ನಿನ್ನ ಬಟ್ಟೆಗೆ ಅಬ್ಬಾ ಎರಡು ಕೈ ಗಂಜಿ ಕೊಟ್ಟಿದ್ದಾನೆ. ಟಾವೆಲ್ಲಿಗೆ ಒಂದೇ ಕೈ. "ಕಾಲೇಜಿನ್ಯಾಗ ತೋರಸೂ ಮಾಲು, ಸೆಟದು ನಿಂದ್ರಬೇಕು" ಅಂದ. ಮುಟ್ಟಿ ನೋಡು, ಹೇಗೆ ನಿಂತಿದೆ.

ನಾನು ಏನು ಉಟ್ಟುಕೊಳ್ಳಲಿ ಮೊದಲ ದಿನ? ಹಸಿರೋ, ಕಡುನೀಲಿಯೋ? ಇದು ಕೂಡ ಮುಖ್ಯವಾದ ಸಂಗತಿಯೇ. ಕಾಗದದಲ್ಲೇ ಉತ್ತರ ಬರಲಿ.

ಆಪಾ

•

27 ಡಿಸೆಂಬರ್ 2024

ಆಪಾ,

ರ‍್ಯಾಂಪ್ ಬರುತ್ತಿದೆ. ಹುಬ್ಬಳ್ಳಿವರೆಗೆ ಬಸ್ಸಿನಲ್ಲಿ, ಅಲ್ಲಿಂದ ಹುಚ್ಚಪ್ಪ ಕಾಕಾ ತರುತ್ತಾನೆ. ನೋಡಲು ಸೂಪರ್ ಆಗಿದೆ. ಜೊತೆಗೆ ಡಿಪಾರ್ಟ್‌ಮೆಂಟಿನ ಲೆಟರ್‌ಹೆಡ್ಡಿನಲ್ಲಿ ರಿಪೋರ್ಟ್ ಇಟ್ಟಿದ್ದೇನೆ. ಕನ್ನಡದಲ್ಲೇ ಬರೆದಿದ್ದೇನೆ, ಪಂಚಾಯ್ತಿಯವರಿಗೂ ಓದಲು ಬರುವ ಹಾಗೆ: ತಡೆಯುವ ಭಾರ 240 ಕೆ.ಜಿ.

ಹೊಸ ಬಟ್ಟೆಯ ಟೆಸ್ಟ್ ತುಂಡುಗಳನ್ನು ಕತ್ತರಿಸುವಾಗ ಸ್ವಲ್ಪ ಪ್ರಾಬ್ಲಮ್ ಆಯಿತು. ಅದು ಬಿಡು, ನನ್ನ ಕೈಯೇ ಸರಿ ಇರಲಿಲ್ಲ.

ಕಡುನೀಲಿ.

ನಾಜೂ

•

13 ಜನವರಿ 2025

ನಾಜೂ,

ಏರಿದೆ.

ಮೊದಲ ದಿನ ಹತ್ತೂವರೆಗೆ ಮಲ್ಲಮ್ಮ ಅತ್ತಿ ಹಲಗೆಯನ್ನು ಕಂಕುಳಲ್ಲಿ ಹಿಡಿದು ತಂದಳು, ಮೊರ ತಂದ ಹಾಗೆ. ಮೆಟ್ಟಿಲಿಗೆ ಆನಿಸಿದಳು. ಹತ್ತು ಹನ್ನೆರಡು ಮಂದಿ ನಿಂತಿದ್ದರು. ಆ ಸದಸ್ಯನೂ ಇದ್ದ. ನಾನು ಗಾಲಿಗೆ ಕೈ ಹಾಕಿ ತಳ್ಳಿದೆ. ನಡುವೆ ಒಂದು ಕಡೆ ತೋಳು ಸೋತವು, ಹಿಂದಿನಿಂದ ಯಾರೋ "ಹಿಡೀರಿ, ಹಿಡೀರಿ" ಅಂದರು. ಮಲ್ಲಮ್ಮ ಅತ್ತಿ ಕಸಬರಿಗೆ ಅಡ್ಡ ಹಿಡಿದು, "ಯಾರರ ಮುಟ್ಟಿದ್ರ ನೋಡ್ರಿ ಮತ್ತ" ಅಂದಳು. ಯಾರೂ ಮುಟ್ಟಲಿಲ್ಲ. ಒಳಗೆ ಹೋಗಿ ಮೇಜಿನ ಹಿಂದೆ ಕುರ್ಚಿ ನಿಲ್ಲಿಸಿದಾಗ ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ. ಸೀನು ಬಂತು, ಪುಸ್ತಕದ ಧೂಳು ಅಷ್ಟಿತ್ತು.

ಪಂಚಾಯ್ತಿಯ ಪಿಡಿಒ ಸಾಹೇಬರು ಫೋಟೋ ತೆಗೆಸಿಕೊಂಡರು. ನಿನ್ನ ರಿಪೋರ್ಟಿಗೆ ಫ್ರೇಮ್ ಹಾಕಿಸಿ ಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದಾರೆ. ಅಬ್ಬಾ ದಿನಾ ಒಂದು ಸಲ ಬಂದು ಅದರ ಗಾಜು ಒರೆಸಿ ಹೋಗುತ್ತಾನೆ. ಪುಸ್ತಕ ಮಾತ್ರ ಮುಟ್ಟುವುದಿಲ್ಲ.

ಹೊಸ ಪುಂಡಿ ಹಲಗೆ ಸ್ವಲ್ಪ ಸಪ್ಪಳ ಮಾಡುತ್ತದೇನು? ಸುಮ್ಮನೆ ಕೇಳಿದೆ.

ಆಪಾ

•

24 ಜನವರಿ 2025

ಆಪಾ,

ಹೌದು, ಹೊಸದರಲ್ಲಿ ಸಪ್ಪಳ ಇರಬಹುದು. ಅದು ಸೆಟ್ ಆಗುತ್ತದೆ.

ಆದರೂ ಕೆಲವು ವಿಷಯ. ಇಬ್ಬನಿಯಲ್ಲಿ ಇಡಬೇಡ, ಮಳೆ ನೀರು ತಾಗಬಾರದು. ನಿನ್ನ ಚೀಲ ಮಡಿಲಲ್ಲಿ ಇಟ್ಟುಕೊಳ್ಳದೆ ಮಲ್ಲಮ್ಮ ಅತ್ತಿಯ ಕೈಗೆ ಕೊಡು. ನಡುವೆ ನಿಲ್ಲಬೇಡ, ಬೇಗ ದಾಟು. ಸಾಧ್ಯವಾದರೆ ಹಿಂದಿನಿಂದ ಒಬ್ಬರು ಕುರ್ಚಿ ಹಿಡಿದುಕೊಂಡಿರಲಿ. ಇಬ್ಬರಾದರೆ ಇನ್ನೂ ಒಳ್ಳೆಯದು. ಆ್ಯಕ್ಚುವಲಿ ಹಿಡಿದುಕೊಂಡಿರುವುದು ಕಂಪಲ್ಸರಿ ಅಂತ ತಿಳಿ.

ಇದು ಎಲ್ಲ ರ‍್ಯಾಂಪುಗಳಿಗೂ ಇರುವ ಜನರಲ್ ರೂಲ್. ನನಗೆ ಸೆಮಿಸ್ಟರ್ ಎಕ್ಸಾಂ ಹತ್ತಿರ ಬಂದಿದೆ. ಊಟ ಸೇರುತ್ತಿಲ್ಲ. ಅಮ್ಮಿಗೆ ಹೇಳಬೇಡ.

ನಾಜೂ

•

6 ಫೆಬ್ರವರಿ 2025

ನಾಜಮೀನ್,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂರು ಸಲವೂ ಸಿಟ್ಟು ಬಂತು.

ಹಿಂದಿನಿಂದ ಇಬ್ಬರು ಹಿಡಿಯಬೇಕು ಅಂತ ಆ ಸದಸ್ಯ ಹೇಳಿದ್ದ. ಈಗ ನೀನೂ ಹೇಳುತ್ತಿದ್ದೀ. ಅವನಿಗಾದರೆ ನನ್ನ ಕೆಲಸದ ಮೇಲೆ ತನ್ನ ಅಳಿಯನಿಗಾಗಿ ಕಣ್ಣು. ನಿನಗೇನು? ಇಂಜಿನಿಯರಿಂಗ್ ಸೇರಿ ನಾಲ್ಕು ತಿಂಗಳಿಗೆ ಆಪಾ ಅಂದರೆ ಜೋಪಾನವಾಗಿ ಇಳಿಸಬೇಕಾದ ಸಾಮಾನು ಆಗಿಬಿಟ್ಟಳೇನು? ಯಾರೂ ಹಿಡಿಯುವುದಿಲ್ಲ. ನಾನು ಹಿಡಿಯಗೊಡುವುದಿಲ್ಲ. ಮೊದಲ ಮೂರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುತ್ತಾರೆ. ಅಷ್ಟು ದಿನ ನಾನೊಬ್ಬಳೇ ಏರುತ್ತೇನೆ, ಒಬ್ಬಳೇ ಇಳಿಯುತ್ತೇನೆ.

ಇನ್ನೊಂದು ವಿಷಯ. ಈ ವರ್ಷದ ಕ್ರಿಯಾಯೋಜನೆಯಲ್ಲಿ ಗ್ರಂಥಾಲಯದ ಪಕ್ಕದ ಗೋಡೆ ಒಡೆದು ಸಿಮೆಂಟಿನ ಇಳಿಜಾರು ಕಟ್ಟುವುದಿತ್ತು. ಮೊನ್ನೆ ಅದನ್ನು ಕೈಬಿಟ್ಟರು. ಪಿಡಿಒ ಸಾಹೇಬರು ಫ್ರೇಮಿನ ಕಡೆ ಕೈ ಮಾಡಿ, "ಇನ್ನೂರ ನಲವತ್ತ ಕಿಲೋ ತಡಕೊಂತೈತಿ, ಮತ್ಯಾಕ್ರಿ ಸಿಮಿಟು?" ಅಂದರು. ನಾನು ಹೂಂ ಅಂದೆ. ನಿನ್ನ ನಂಬರಿನ ಮೇಲೆ ನನಗೆ ಅಭಿಮಾನ ಇತ್ತು.

ಊಟ ಮಾಡು. ಅಮ್ಮಿಗೆ ಹೇಳಿಲ್ಲ.

ಶಗುಫ್ತಾ

•

18 ಫೆಬ್ರವರಿ 2025

ಆಪಾ,

ಶನಿವಾರ ಫೋನ್ ಮಾಡಿ "ಅದರ ಮ್ಯಾಲ ಹೋಗಬ್ಯಾಡ ಆಪಾ" ಅಂದೆ. ನೀನು "ಟವರ್ ಇಲ್ಲ, ಕೇಳವಲ್ದು" ಎಂದು ಕಟ್ ಮಾಡಿದೆ. ಮತ್ತೆ ಮಾಡಬಹುದಿತ್ತು. ನಾನು ಮಾಡಲಿಲ್ಲ. ಒಂದು ಸಲ ಹೇಳಿದೆನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಲ್ಯಾಬಿಗೆ ಹೋದೆ. ನನ್ನ ಬುದ್ಧಿ ಎಂಥದು ಎಂದು ಇದರಿಂದಲೇ ತಿಳಿದುಕೋ.

240 ನಿನ್ನ ರ‍್ಯಾಂಪಿನ ನಂಬರ್ ಅಲ್ಲ. ಅದು ಮೊದಲು ಬಂದ ಎರಡು ಮೊಳದ ನಂಬರ್. ಡಿಸೆಂಬರ್ 20ಕ್ಕೆ ಮೂವತ್ತು ಮೊಳದ ಬಟ್ಟೆಯಿಂದ ಮೂರು ತುಂಡು ಮಾಡಿ ಮಷೀನಿಗೆ ಇಟ್ಟೆ. ಮೂರೂ ಪದರ ಪದರವಾಗಿ ಬಿಟ್ಟುಕೊಂಡವು, ಹಳೇ ಚಪ್ಪಲಿಯ ಅಟ್ಟೆ ಬಿಟ್ಟ ಹಾಗೆ. ಲೆಕ್ಕಕ್ಕೆ 90 ಬಂತು. ಐಶ್ವರ್ಯ ಅಕ್ಕ ಊರಿಗೆ ಹೋಗಿದ್ದರು. ನಾನೇ ಕೆಟ್ಟದಾಗಿ ಅಂಟಿಸಿದ್ದೇನೆ ಎಂದುಕೊಂಡೆ. ಹೇಳಿದರೆ ಫಸ್ಟ್ ಇಯರ್ ಹುಡುಗಿಯನ್ನು ಟೀಮಿನಿಂದ ತೆಗೆಯುತ್ತಾರೆ ಎಂದುಕೊಂಡೆ. ರ‍್ಯಾಂಪ್ ಆಗಲೇ ತಯಾರಾಗಿತ್ತು, ಜನವರಿ ಒಂದು ಹತ್ತಿರವಿತ್ತು. ನಿನ್ನ ಭಾರ 64, ಇದು 90, ಸಾಕಲ್ಲ ಎಂದುಕೊಂಡೆ. ರಿಪೋರ್ಟಿನ ಫೈಲಿನಲ್ಲಿ ನವೆಂಬರಿನ 240 ಇತ್ತು. ನಾನು ಅದನ್ನು ಅಳಿಸಲಿಲ್ಲ. ಹಾಗೇ ಗೈಡ್ ಮೇಡಂ ಸಹಿಗೆ ಇಟ್ಟೆ.

ಆದರೆ ಒಂದು ಸಲ 90 ತಡೆಯುವುದು ಬೇರೆ, ದಿನಾ ಎರಡು ಸಲ 64 ಹೊರುತ್ತ ಇಬ್ಬನಿ ಕುಡಿಯುವುದು ಬೇರೆ. ಇದನ್ನು ಮೊನ್ನೆ ಕ್ಲಾಸಿನಲ್ಲಿ ಹೇಳಿದರು. ನೀನು ಸಪ್ಪಳದ ಬಗ್ಗೆ ಕೇಳಿದಾಗಲೇ ನನಗೆ ಗೊತ್ತಾಗಿತ್ತು. "ಸೆಟ್ ಆಗುತ್ತದೆ" ಎಂದು ಬರೆದದ್ದು ಸುಳ್ಳು. ಆಮೇಲೆ ಬರೆದ ಜನರಲ್ ರೂಲೆಲ್ಲ ಆ ಸುಳ್ಳಿನ ಭಯ. ನಿನ್ನನ್ನು ಸಾಮಾನು ಎಂದುಕೊಂಡು ಬರೆದದ್ದಲ್ಲ.

ಕಾರಣ ಸಿಕ್ಕಿದ್ದು ನಿನ್ನೆ. ಐಶ್ವರ್ಯ ಅಕ್ಕನಿಗೆ ಎಲ್ಲ ಹೇಳಿದೆ. ಅವರು ಪದರ ಬಿಟ್ಟ ತುಂಡನ್ನು ತಗೊಂಡು ಕೆಮಿಸ್ಟ್ರಿ ಲ್ಯಾಬಿಗೆ ಹೋಗಿ ಅದರ ಮೇಲೆ ಅಯೋಡಿನ್ ಹಾಕಿದರು. ಉದ್ದಕ್ಕಿರುವ ಹಾಸಿನ ಎಳೆಗಳೆಲ್ಲ ಕಪ್ಪುನೀಲಿ ಆದವು. ಅಡ್ಡಕ್ಕಿರುವ ಹೊಕ್ಕಿನ ಎಳೆಗಳು ಹಾಗೇ ಉಳಿದವು. ಗಂಜಿ, ಆಪಾ. ಎರಡು ಕೈ ಗಂಜಿ. ಅದರಿಂದ ಎಳೆಯ ಮೈಗೆ ರಾಳ ಹಿಡಿಯಲೇ ಇಲ್ಲ. ಮೊದಲ ಎರಡು ಮೊಳಕ್ಕೆ ಗಂಜಿ ಇರಲಿಲ್ಲ. ನೀನು ಡಿಸೆಂಬರಿನ ಕಾಗದದಲ್ಲಿ ಓಣಿಯ ಕಥೆ ಬರೆದಾಗ ನಾನು ನಕ್ಕು, ರೂಮ್‌ಮೇಟಿಗೂ ಓದಿ ಹೇಳಿ, ಮಡಚಿ ಇಟ್ಟಿದ್ದೆ. ನೇಕಾರನ ಮಗಳು ನಾನು, ಗಂಜಿಯ ವಾಸನೆಯಲ್ಲೇ ಬೆಳೆದವಳು. ಆರನೇ ಕ್ಲಾಸಿಗೆ ಹಾಸ್ಟೆಲ್ ಸೇರಿದ ಮೇಲೆ ಅದೆಲ್ಲ ಮನೆಯ ಸಂಗತಿ, ಓದಿನ ಸಂಗತಿ ಅಲ್ಲ ಎಂದುಕೊಂಡುಬಿಟ್ಟೆ.

ಅಬ್ಬಾನಿಗೆ ಹೇಳಬೇಡ. ಹೋಗಬೇಡ ಅದರ ಮೇಲೆ. ರಜೆ ಹಾಕು, ಜ್ವರ ಅನ್ನು, ಏನಾದರೂ ಅನ್ನು.

ನಾಜೂ

•

26 ಫೆಬ್ರವರಿ 2025

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಸಣ್ಣದಾಗಿ ಬರೆಯುತ್ತೇನೆ.

ನಿನ್ನ ಕಾಗದ ಶನಿವಾರ ಬಂತು. ಹಲಗೆ ಗುರುವಾರ ಮುರಿಯಿತು. ಸಂಜೆ ಇಳಿಯುವಾಗ ನಡುವೆ ಬಗ್ಗಿತು, ಕುರ್ಚಿ ಮಗ್ಗುಲಾಯಿತು, ಬಲಗೈ ಊರಿದೆ. ಮಣಿಕಟ್ಟಿನ ಎಲುಬು ಮುರಿದಿದೆ, ಆರು ವಾರ ಪ್ಲಾಸ್ಟರ್. ತಲೆಗೆ ಏನೂ ಆಗಿಲ್ಲ. ಹುಚ್ಚಪ್ಪ ಕಾಕಾ ಎತ್ತಿಕೊಂಡು ಓಡಿದ. ಎತ್ತಿದವರ ಲೆಕ್ಕಕ್ಕೆ ಅವನೂ ಸೇರಿದ.

ಈಗ ನನ್ನದು ಕೇಳು. ಬೆಳಿಗ್ಗೆ ನಾನು ಏರಿದ ಮೇಲೆ ಮಲ್ಲಮ್ಮ ಅತ್ತಿ ಹಲಗೆಯನ್ನು ನನ್ನ ಮೇಜಿನ ಪಕ್ಕ ಗೋಡೆಗೆ ನಿಲ್ಲಿಸುತ್ತಿದ್ದಳು. ಸಂಜೆ ಇಳಿಯುವವರೆಗೂ ಅಲ್ಲೇ. ಅದರ ಕೆಳಮೈ ನನ್ನ ಕಣ್ಣೆದುರಿಗೇ ಇರುತ್ತಿತ್ತು. ಜನವರಿ ಒಂಬತ್ತಕ್ಕೆ ನಡುವೆ ಕೂದಲಿನಷ್ಟು ಬಿರುಕು ಕಂಡಿತು. ಅದರ ತುದಿಗೆ ಪೆನ್ಸಿಲಿನಿಂದ ಗೀಟು ಹಾಕಿ ತಾರೀಖು ಬರೆದೆ. ಬಿರುಕು ಗೀಟು ದಾಟಿದಾಗಲೆಲ್ಲ ಇನ್ನೊಂದು. ಹನ್ನೊಂದು ಗೀಟು ಹಾಕಿದ್ದೇನೆ ನಾಜೂ. ನೀನು ಸೆಟ್ ಆಗುತ್ತದೆ ಎಂದು ಬರೆದೆ, ನಾನು ನಂಬಲಿಲ್ಲ. ನಂಬಿದವಳ ಹಾಗೆ ಏರಿದೆ. ಹೇಳಿದರೆ ಕೆಲಸ ಹೋಗುತ್ತದೆ ಎಂದು ಒಂದು, ನೀನು ಕಾಲೇಜು ಬಿಟ್ಟು ಓಡಿ ಬರುತ್ತೀ ಎಂದು ಇನ್ನೊಂದು. ಅದರ ಹಿಂದಿನ ಶನಿವಾರ ನೀನು ಫೋನ್ ಮಾಡಿದಾಗ ಟವರ್ ಇತ್ತು. ಅಬ್ಬಾ ಬಾಜೂಕ ಕೂತು ಫೋನಿಗೆ ಕಿವಿ ಕೊಟ್ಟಿದ್ದ.

ನನ್ನ ಗೀಟುಗಳನ್ನು ನಾನು ಮಾಫ್ ಮಾಡಿಕೊಳ್ಳುತ್ತೇನೆ, ಅದು ನನ್ನ ಮೈ. ನಿನ್ನದು ಅಷ್ಟು ಸುಲಭ ಇಲ್ಲ.

ಸೋಮವಾರ ಪಿಡಿಒ ಸಾಹೇಬರು ನೋಟಿಸ್ ಕಳಿಸಿದ್ದಾರೆ. ಇನ್ನೂರ ನಲವತ್ತು ಕಿಲೋ ತಡೆಯುವ ಹಲಗೆ ಅರವತ್ತನಾಲ್ಕಕ್ಕೆ ಹೇಗೆ ಮುರಿಯಿತು, ಅದರ ಮೇಲೆ ಏನು ಹೇರಿದ್ದಿರಿ, ಯಾರನ್ನು ಕೂಡಿಸಿಕೊಂಡು ಹೋದಿರಿ, ಹದಿನೈದು ದಿನದಲ್ಲಿ ಉತ್ತರ ಕೊಡಿ ಎಂದು. ಆ ಸದಸ್ಯ ಹೇಳುತ್ತಿದ್ದಾನಂತೆ, "ಸಿಮಿಟಿನ ಚೀಲ ಸಾಗಿಸ್ಯಾಳ್ರಿ ಅದರ ಮ್ಯಾಲ." ಗೋಡೆಯ ಮೇಲಿನ ನಿನ್ನ ಫ್ರೇಮ್ ಈಗ ನನ್ನ ಮೇಲಿನ ಸಾಕ್ಷಿ.

ಏನು ಉತ್ತರ ಬರೆಯಲಿ, ಹೇಳು.

•

3 ಮಾರ್ಚ್ 2025

ಆಪಾ,

ನೀನು ಉತ್ತರ ಬರೆಯಬೇಡ. ನಾನು ಬರೆದಿದ್ದೇನೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪಿಡಿಒ ಅವರಿಗೆ ಹೋಗಿದೆ. ನಿನ್ನ ಪ್ರತಿ ಇದು. ಕಾಲೇಜಿಗೂ ಒಂದು ಕೊಟ್ಟೆ. ನಮ್ಮ ಗೈಡ್ ಮೇಡಂ ಓದಿ, ಕನ್ನಡಕ ತೆಗೆದಿಟ್ಟು, "ಈ ಸಾಲು ಬೇಕೇ ಬೇಕಾ?" ಎಂದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಬೇಕು ಅಂದೆ. ಮುಂದಿನ ವಾರ ಕಮಿಟಿ ಕೂರುತ್ತದೆ. ಏನಾಗುತ್ತದೋ ಗೊತ್ತಿಲ್ಲ. ಆದರೆ ಡಿಸೆಂಬರಿನಿಂದೀಚೆಗೆ ಮೊದಲ ಸಲ ಇವತ್ತು ನಸುಕಿನಲ್ಲಿ ರೋಜಾದ ಸಹರಿಗೆ ಎದ್ದು ಹೊಟ್ಟೆ ತುಂಬ ಉಂಡೆ.

"ಮಾನ್ಯರೇ, ನಿಮ್ಮ ಗ್ರಂಥಾಲಯದಲ್ಲಿ ತೂಗುಹಾಕಿರುವ ವರದಿಯಲ್ಲಿನ 240 ಕೆ.ಜಿ. ಎಂಬ ಅಂಕಿ ಆ ಹಲಗೆಯದಲ್ಲ. ಆ ಹಲಗೆಯ ಬಟ್ಟೆಯಿಂದ ಮಾಡಿದ ಮೂರು ತುಂಡುಗಳು 90 ಕೆ.ಜಿ. ಲೆಕ್ಕಕ್ಕೆ ಮುರಿದಿದ್ದವು. ಇದು ನನಗೆ ಡಿಸೆಂಬರ್ 20ರಂದೇ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ. ದಿನವೂ ಬಳಸಿದರೆ ಅದು ಇನ್ನೂ ಕಡಿಮೆ ಭಾರಕ್ಕೆ ಮುರಿಯುತ್ತದೆ, ಹಾಗೆಯೇ ಮುರಿದಿದೆ. ಗ್ರಂಥಾಲಯ ಮೇಲ್ವಿಚಾರಕಿಯವರ ತಪ್ಪು ಇದರಲ್ಲಿ ಏನೂ ಇಲ್ಲ. ಬಟ್ಟೆ ನೇಯ್ದವರ ತಪ್ಪೂ ಇಲ್ಲ, ಅವರಿಗೆ ಏನು ಬೇಕೆಂದು ನಾನು ಹೇಳಿರಲಿಲ್ಲ. ಆ ಅಂಕಿಯನ್ನು ನಂಬಿ ಸಿಮೆಂಟಿನ ಇಳಿಜಾರನ್ನು ಕೈಬಿಟ್ಟಿದ್ದರೆ ದಯವಿಟ್ಟು ಮತ್ತೆ ಸೇರಿಸಿ. ಗ್ರಂಥಾಲಯಕ್ಕೆ ಈಗ ರ‍್ಯಾಂಪ್ ಇಲ್ಲ."

ಮೇಡಂ ಬೆರಳಿಟ್ಟದ್ದು "ಗೊತ್ತಿದ್ದೂ ಮುಚ್ಚಿಟ್ಟೆ" ಎಂಬ ಸಾಲಿಗೆ.

ನಾಜೂ

•

19 ಮಾರ್ಚ್ 2025

ನಾಜೂ,

ಎಡಗೈ ಈಗ ಸ್ವಲ್ಪ ಪಳಗಿದೆ.

ಪಿಡಿಒ ಸಾಹೇಬರು ಕರೆಸಿದರು. ಹುಚ್ಚಪ್ಪ ಕಾಕಾ ಟ್ರ್ಯಾಕ್ಟರಿನಲ್ಲಿ ಕೂಡಿಸಿಕೊಂಡು ಹೋದ. "ನಿಮ್ಮ ತಂಗೀದ ಭವಿಷ್ಯ ಐತಿ, ಈ ಪತ್ರ ಇನವರ್ಡ್ ಮಾಡೂದು ಬ್ಯಾಡ, ನೋಟಿಸ್ ನಾವ ವಾಪಸ್ ತಗೋತೀವಿ, ಎಲ್ಲಾ ಇಲ್ಲಿಗೆ ಮುಗಸೂಣು" ಅಂದರು. ಒಳ್ಳೆಯ ಮಾತಿನಲ್ಲೇ ಅಂದರು. ನನಗೂ ಒಂದು ಗಳಿಗೆ ಆಸೆ ಆಯಿತು. ನೋಟಿಸ್ ಹೋಗುತ್ತದೆ, ನೀನೂ ಉಳಿಯುತ್ತೀ. ಆದರೆ ಹಾಗಾದರೆ ಗೋಡೆಯ ಮೇಲೆ ಇನ್ನೂರ ನಲವತ್ತು ಕೂಡ ಉಳಿಯುತ್ತದೆ. "ಇನವರ್ಡ್ ನಂಬರ್ ಹಾಕ್ರಿ ಸಾಹೇಬ್ರ" ಅಂದೆ. ಪತ್ರ ದಫ್ತರಕ್ಕೆ ಸೇರಿ ನಂಬರ್ ಬೀಳುವವರೆಗೂ ಅಲ್ಲೇ ಇದ್ದೆ. ನೋಟಿಸ್ ಇನ್ನೂ ವಾಪಸ್ ಆಗಿಲ್ಲ. ಸಿಮೆಂಟಿನ ಮಾತು ಮುಂದಿನ ಮೀಟಿಂಗಿಗೆ. ನನ್ನ ಕಾಯಂ ಮಾತೂ ಅದೇ ಮೀಟಿಂಗಿಗೆ. ಏನಾಗುತ್ತದೋ ನನಗೂ ಗೊತ್ತಿಲ್ಲ.

ಅಬ್ಬಾನಿಗೆ ಹೇಳಿದೆ. ಬೇಡ ಅಂದಿದ್ದೆ ನೀನು, ಆದರೆ ನಿನ್ನ ಮಾತು ಕೇಳಿ ಕೆಟ್ಟಿದ್ದೇನೆ. ಪಾಟಿಯ ಮೇಲೆ ದೊಡ್ಡದಾಗಿ ಬರೆದು ತೋರಿಸಿದೆ. ಓದಿ ಮಗ್ಗದ ಕುಣಿಯಲ್ಲಿ ಕಾಲಿಟ್ಟುಕೊಂಡು ಕೂತ. "ಎರಡ ಕೈ ಕೊಟ್ನೆಲ್ಲಾ" ಅಂದ. ಸಂಜೆ ರೋಜಾ ಬಿಟ್ಟು ಉಂಡ ಮೇಲೂ ಅಷ್ಟೇ ಅಂದ. ಅಮ್ಮಿಗೆ ತಡೆಯಲಾಗಲಿಲ್ಲ. "ಮೂವತ್ತ ಮೊಳಕ್ಕ ಗಂಜಿ ಹಚ್ಚಲಿಲ್ಲಂದ್ರ ಎಳಿ ನಿಂದರೂದಿಲ್ಲ, ಹಚ್ಚಾಕ ಬೇಕು. ನೇಯ್ದ ಮ್ಯಾಲ ಕುದಿಯೂ ನೀರಾಗ ಹಾಕಿ ಹಿಂಡಿದ್ರ ಹೋಗೂದಿಲ್ಲೇನು? ಹೊಸಾ ಟಾವೆಲ್ ಒಗದ್ರ ಹೆಂಗ ಮೆತ್ತಗಾಕ್ಕೈತಿ? ಇಷ್ಟು ಕೇಳಿದ್ರ ಡಿಸೆಂಬರದಾಗ ಹೇಳತಿದ್ನಿ. ಇಂಜಿನಿಯರ್ ಅಂತ, ಇಂಜಿನಿಯರ್!" ಅಂದಳು. ಮನೆಯಲ್ಲಿ ಹೆಚ್ಚಿಗೆ ಉಳಿದಿದ್ದ ನಾಲ್ಕು ಮೊಳವನ್ನು ಹಂಡೆಯಲ್ಲಿ ಮೂರು ಸಲ ಕುದಿಸಿ ಹಿಂಡಿದ್ದಾಳೆ. ಈ ಪಾರ್ಸಲ್‌ನಲ್ಲಿರುವುದು ಅದೇ. ಸೆಟೆದು ನಿಲ್ಲುವುದಿಲ್ಲ, ಹಳೇ ಪಂಜೆಯ ಹಾಗೆ ಮೆತ್ತಗಿದೆ. ಅಬ್ಬಾನಿಗೆ ಇದನ್ನು ಕಳಿಸಲು ನಾಚಿಕೆ.

ಕಮಿಟಿಯವರು ನಿನ್ನನ್ನು ಲ್ಯಾಬಿಗೆ ಬಿಟ್ಟರೆ ನೀನು ಮಾಡು. ಬಿಡದಿದ್ದರೆ ಐಶ್ವರ್ಯನ ಕೈಗೆ ಕೊಡು. ಎಷ್ಟು ತುಂಡು ಆಗುತ್ತದೋ ಅಷ್ಟನ್ನೂ ಮುರಿಯಿರಿ. ಒಣಗಿದ್ದು, ಒದ್ದೆಯಾದದ್ದು, ನೂರು ಸಲ ಒತ್ತಿದ್ದು. ಒಂದೊಂದರ ಮೇಲೂ ಅದರದೇ ನಂಬರ್ ಬರೆದು ಮುರಿದ ತುಂಡುಗಳನ್ನೆಲ್ಲ ನನಗೆ ಕಳಿಸು. ಇನ್ನೊಂದು ಹಲಗೆ ಏರಬೇಕೋ ಬೇಡವೋ ನಾನು ನೋಡಿ ಹೇಳುತ್ತೇನೆ.

ಅಲ್ಲಿಯವರೆಗೆ ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ಮಾಫ್ ಮಾಡಿಬಿಡುತ್ತೇನೆ. ಮೊದಲು ತುಂಡುಗಳು ಬರಲಿ.

ಶಗುಫ್ತಾ ಆಪಾ